ಗೋಡೆಯಾಚೆಯ ಸಿಹಿ ದ್ರಾಕ್ಷಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಾಗ, ಹಿತ್ತಲಿನ ದ್ರಾಕ್ಷಿ ಚಪ್ಪರವೆಂದರೆ ನಮ್ಮತ್ತೆಗೆ ಬಲು ಹೆಮ್ಮೆ. ಮಧ್ಯಾಹ್ನವೂ ಅದರಡಿ ಬಟ್ಟೆ ಒಣಗುತ್ತಿರಲಿಲ್ಲ, ಅಷ್ಟು ದಟ್ಟ. ಒಂದು ಎಲೆ ಕೀಳಲೂ ಅವರು ಬಿಡುತ್ತಿರಲಿಲ್ಲ. ಹಣ್ಣು ಮಾತ್ರ ಹುಳಿ. ಮಾವ ಒಂದನ್ನು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, "ಚೆನ್ನಾಗಿದೆ" ಎನ್ನುತ್ತಿದ್ದರು.

ಬಳ್ಳಿಯ ಒಂದು ಕವಲು ಗೋಡೆ ದಾಟಿ ಪಕ್ಕದ ಮನೆಯ ಅಂಗಳಕ್ಕೆ ಇಳಿದಿತ್ತು. ಒಂದು ಬೇಸಿಗೆಯಲ್ಲಿ ಆ ಮನೆಯ ತಮಿಳು ಹೆಂಗಸು ತಟ್ಟೆ ತುಂಬ ಹಣ್ಣು ತಂದುಕೊಟ್ಟರು. "ನಿಮ್ ಬಳ್ಳಿದೇ ಅಮ್ಮಾ, ತಿನ್ನಿ." ಕಪ್ಪಗೆ ಮಾಗಿದ ಆ ಹಣ್ಣು ಸಕ್ಕರೆಯಂತಿತ್ತು.

ಅವರು ಹೋದ ಮೇಲೆ ಅತ್ತೆ ಪಿಸುಗುಟ್ಟಿದರು. "ಆಯಮ್ಮ ಬೇರಿಗೆ ಏನೋ ಹಾಕ್ತಾಳೆ ಕಣೇ."

"ಬೇರು ಇರೋದು ನಮ್ ಕಡೆ ಅಲ್ವಾ ಅತ್ತೆ?"

ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ನನಗೆ ಕುತೂಹಲ ತಡೆಯಲಿಲ್ಲ. ಹಿತ್ತಲಲ್ಲಿ ನಿಂತು ನೋಡಿದೆ. ಗೋಡೆಯಾಚೆಯ ಕವಲಿಗೆ ಬೆಳಗಿನಿಂದಲೇ ಬಿಸಿಲು. ನಮ್ಮ ಚಪ್ಪರದಲ್ಲೂ ಅಂಚಿನ ಗೊಂಚಲುಗಳು ಕಪ್ಪಾಗಿದ್ದವು. ನಡುವಿನವು ಇನ್ನೂ ಅರೆಗೆಂಪು. ಸ್ಟೂಲು ಹತ್ತಿ ನಮ್ಮ ಚಪ್ಪರದ ಅಂಚಿನವನ್ನೂ ನಡುವಿನವನ್ನೂ ಕಿತ್ತು ತಂದು, ಯಾವುದು ಯಾರ ಕಡೆಯದು ರುಚಿ ನೋಡಿ ಹೇಳಿ ಎಂದೆ. ಅತ್ತೆ ಕಣ್ಣು ಮುಚ್ಚಿಕೊಂಡು ತಿನ್ನಲು ಒಪ್ಪಿದ್ದೇ ಹೆಚ್ಚು.

"ಇದು ಅವ್ರದ್ದು. ಇದು ನಮ್ದು," ಎಂದರು.

"ಎರಡೂ ನಮ್ದೇ ಅತ್ತೆ. ಒಂದು ಬಿಸಿಲಲ್ಲಿದ್ದಿದ್ದು, ಇನ್ನೊಂದು ನೆರಳಲ್ಲಿದ್ದಿದ್ದು."

ಅವರು ಕಣ್ಣು ತೆರೆದು ಚಪ್ಪರದತ್ತ ನೋಡಿದರು. "ಎಲೆ ಜಾಸ್ತಿ ಇದ್ರೆ ಬಳ್ಳಿಗೆ ಒಳ್ಳೇದು ಅಂದ್ಕೊಂಡಿದ್ದೆ ಮಾರಾಯ್ತಿ."

ದಸರಾ ಮುಗಿದ ಮೇಲೆ ಇಬ್ಬರೂ ಸೇರಿ ಬಳ್ಳಿ ಸವರಿದೆವು. ನಾನು ಮೇಲೆ ಕತ್ತರಿ ಹಿಡಿದಿದ್ದರೆ ಅವರು ಕೆಳಗೆ ಸ್ಟೂಲು ಹಿಡಿದು, "ಅದು ಬೇಡ, ಪಾಪ, ಅದು ಎಳೇದು" ಎಂದು ಒಂದೊಂದು ಕಡ್ಡಿಗೂ ವಾದಿಸಿದರು. ಹೊಸ ಚಿಗುರು ಬಂದಾಗ ಅವನ್ನು ತಂತಿಯ ಮೇಲೆ ಬಿಡಿಬಿಡಿಯಾಗಿ ಕಟ್ಟಿದ್ದು ಅವರೇ.

ಮುಂದಿನ ಬೇಸಿಗೆ ಬಳ್ಳಿ ಗೊಂಚಲು ಕಡಿಮೆ ಬಿಟ್ಟಿತು. ಆದರೆ ಚಪ್ಪರದಡಿ ಚುಕ್ಕೆ ಚುಕ್ಕೆ ಬಿಸಿಲು ಬೀಳುತ್ತಿತ್ತು, ನಡುವಿನ ಹಣ್ಣುಗಳೂ ಕಪ್ಪಾಗಿ ಸಿಹಿಯಾದವು. ಬಚ್ಚಲುಮನೆ ಗೋಡೆಯ ಮರೆಯಲ್ಲಿದ್ದ ಐದಾರು ಗೊಂಚಲು ಮಾತ್ರ ಹುಳಿಯಾಗೇ ಉಳಿದವು. ಗೋಡೆಯನ್ನಂತೂ ಸವರುವ ಹಾಗಿರಲಿಲ್ಲ. ಅವನ್ನು ಗೊಜ್ಜು ಮಾಡಿದೆ. ಅತ್ತೆ ಅನ್ನಕ್ಕೆ ಎರಡು ಸಲ ಹಾಕಿಸಿಕೊಂಡರು.