ಜಟ್ಟೆಮ್ಮನ ಎಡಗಿವಿ

ಇಂದಿರಾನಗರದ ಒಂದು ಡೇಕೇರಿನಲ್ಲಿ ಜಟ್ಟೆಮ್ಮ ಆಯಾ. ಅಪ್ಪ ಅಮ್ಮ ಆಫೀಸಿಗೆ ಹೋಗುವಾಗ ಬಿಟ್ಟುಹೋದ ಕೂಸುಗಳಿಗೆ ಉಣಿಸಿ, ಮಲಗಿಸುವ ಕೆಲಸ. ಅಂದು ಮಧ್ಯಾಹ್ನ ಒಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ ಕೂತಿದ್ದಳು. ಅವಳ ಎಡಕ್ಕಿದ್ದ ಬಾತ್‌ರೂಮಿಗೆ ಪುಟ್ಟ ಹುಡುಗಿಯೊಂದು ಹೋಗಿ, ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ ಚೀರುತ್ತಿತ್ತು. ಅಡುಗೆಯ ಅಂಜಿನಮ್ಮ ಒಳಗಿನಿಂದ ಓಡಿಬಂದಳು.

"ಏನಮ್ಮಾ, ಪಕ್ಕದಾಗೇ ಕುಂತಿದ್ದೀಯ! ಮಗು ಹಂಗೆ ಕಿರುಚ್ತಾ ಐತೆ, ಕೇಳ್ಸಲ್ವಾ?"

ಬಾಗಿಲು ಮುರಿದು ಹುಡುಗಿಯನ್ನು ಎತ್ತಿಕೊಂಡಾಗ ಅದರ ಲಂಗವೆಲ್ಲ ನೀರು. ತುಂಬಿದ ಬಕೆಟ್ಟಿನ ಪಕ್ಕದಲ್ಲಿ ಜಾರಿ ಬಿದ್ದಿತ್ತು. ಪೆಟ್ಟೇನೂ ಆಗಿರಲಿಲ್ಲ. ಆದರೆ ಜಟ್ಟೆಮ್ಮ ಆ ಬಕೆಟ್ಟನ್ನೇ ನೋಡುತ್ತ ನಿಂತಳು. ಬಕೆಟ್ಟಿನೊಳಗೇ ತಲೆ ಹೋಗಿದ್ದರೆ?

ಸುರಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು ಅವಳು. ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು, ಬಲಗಿವಿಯೂ ಮಂದ. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು, ಸೋರುವುದು ನಿಂತಿತು, ಮತ್ತೆ ಸೋರಿತು. ಗಂಡ ಅಂಬಣ್ಣ ಗಾರೆ ಕೆಲಸ ಹುಡುಕಿಕೊಂಡು ಬಂದಾಗ ಇಬ್ಬರೂ ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆ ಹಿಡಿದರು. ಹೊಸ ಊರಿನಲ್ಲಿ ಅವಳು ಕಿವಿಯ ವಿಷಯ ಯಾರಿಗೂ ಹೇಳಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ದಿನ ದೂಡಿದ್ದಳು.

ಈಗ ಹೇಳಲೇಬೇಕಾಯಿತು. ಡೇಕೇರು ನಡೆಸುವ ಪ್ರಿಯದರ್ಶಿನಿ ಕೂಗಾಡಲಿಲ್ಲ. "ಮೊದ್ಲು ಕಿವಿ ತೋರ್ಸಿ ಬನ್ನಿ ಜಟ್ಟೆಮ್ಮ. ಅಲ್ಲೀವರೆಗೂ ಮಕ್ಕಳ ಹತ್ರ ನಿಮ್ಮೊಬ್ಬರನ್ನೇ ಬಿಡಕ್ಕಾಗಲ್ಲ" ಎಂದರು. ಬೈದಿದ್ದರೇ ಹಗುರವಾಗುತ್ತಿತ್ತೇನೋ.

ಶಿವಾಜಿನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ನಾಜಿಶ್ ಕಿವಿಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಕಿವಿ ತಮಟೆಲಿ ದೊಡ್ಡ ತೂತಿದೆಯಮ್ಮ. ಕಿವಿ ಮೇಲಿನ ಸ್ನಾಯು ಮೇಲೊಂದು ತೆಳ್ಳನೆ ಪೊರೆ ಇರತ್ತೆ. ಅದನ್ನ ತೆಗೆದು ತೂತಿಗೆ ತೇಪೆ ಹಾಕ್ತೀವಿ. ಸೋರೋದು ಒಣಗಬೇಕು, ಆಮೇಲೆ ಆಪರೇಷನ್."

"ಪೂರಾ ಕೇಳ್ತದೇನ್ರಿ?"

"ತೂತು ಮುಚ್ಚೋದು ಸಾಮಾನ್ಯವಾಗಿ ಆಗತ್ತೆ. ಎಷ್ಟು ಕೇಳ್ಸತ್ತೆ ಅಂತ ಈಗ್ಲೇ ಮಾತು ಕೊಡಲ್ಲ."

ವಠಾರದಲ್ಲಿ ಯಾರೋ, ಕಿವಿ ಕೊಯ್ಸಿಕೊಂಡವಳೊಬ್ಬಳ ಬಾಯಿ ಸೊಟ್ಟಗಾಯಿತಂತೆ ಎಂದರು. ಅಂದಿನಿಂದ ಜಟ್ಟೆಮ್ಮ ಕನ್ನಡಿ ಕಂಡಾಗಲೆಲ್ಲ ತುಟಿ ಎಳೆದು ನೋಡಿಕೊಂಡಳು. "ಬ್ಯಾಡ, ಹಿಂಗೇ ಇದ್ದುಬಿಡ್ತೀನಿ" ಎಂದಳು. ಅಂಬಣ್ಣ, "ನೀ ಅಂಜಿದ್ರ ನನಗೂ ಅಂಜಿಕಿ ಬರ್ತದ. ಹೋಗಿ ಬರೂಣು ನಡಿ" ಎಂದ. ಅವನ ದನಿಯೂ ಗಟ್ಟಿ ಇರಲಿಲ್ಲ.

ಎಚ್ಚರವಿರುವಾಗಲೇ ಆಪರೇಷನ್ ಎಂದು ಗೊತ್ತಾದದ್ದು ಮೇಜಿನ ಮೇಲೆ ಮಲಗಿದ ಮೇಲೆ. ಹೇಳಿದ್ದರೋ ಏನೋ, ಅವಳಿಗೆ ಕೇಳಿಸಿರಲಿಲ್ಲ. ಮುಖದ ಮೇಲೆ ಹಸಿರು ಬಟ್ಟೆ ಬಿತ್ತು. ಸೂಜಿ ಚುಚ್ಚಿದರು, ಕಿವಿಯ ಹಿಂದೆಲ್ಲ ಜೋಮು ಹಿಡಿಯಿತು. ನೋವಿರಲಿಲ್ಲ, ಸದ್ದಿತ್ತು. ಒಲೆಯ ಹಂಡೆಯ ತಳವನ್ನು ತಲೆಯೊಳಗೇ ಕೆರೆಯುತ್ತಿದ್ದಾರೆ ಎನ್ನುವಂಥ ಸದ್ದು. ವರ್ಷಗಟ್ಟಲೆ ಯಾವುದೂ ಸರಿಯಾಗಿ ಕೇಳದಿದ್ದ ಕಿವಿ ಇದನ್ನು ಮಾತ್ರ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಮೇಜು ತಿರುಗಿದಂತಾಯಿತು.

"ಅಮ್ಮಾ, ಬೀಳ್ತೀನ್ರೀ! ಹಿಡ್ಕೋರ್ರೀ!"

"ಬೀಳಲ್ಲ, ತಲೆ ಅಲ್ಲಾಡಿಸ್ಬೇಡಿ" ಎಂದರು ಡಾಕ್ಟರು. ಬಟ್ಟೆಯ ಕೆಳಗೆ ಯಾರದೋ ಕೈ ಅವಳ ಕೈ ಹಿಡಿಯಿತು. ಜಟ್ಟೆಮ್ಮ ಆ ಕೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದು, ಮನೆದೇವರನ್ನು ನೆನೆಯುತ್ತ ಮಲಗಿದಳು.

ಮುಗಿದ ಮೇಲೆ ನಾಜಿಶ್ ಎದುರು ಬಂದು, "ಕಣ್ಣು ಗಟ್ಟಿಯಾಗಿ ಮುಚ್ಚಿ. ಈಗ ಹಲ್ಲು ತೋರ್ಸಿ" ಎಂದರು. ಅವಳು ಹಲ್ಲು ತೋರಿಸಿದಳು. "ನೆಟ್ಟಗಿದೆ" ಎಂದಾಗ ಅಳು ಬಂತು.

ಹೆದರಿಕೆ ಅಲ್ಲಿಗೇ ಮುಗಿಯಲಿಲ್ಲ. ಕಿವಿಗೆ ಮದ್ದು ತುಂಬಿ ಹತ್ತಿ ಇಟ್ಟಿದ್ದರಿಂದ ಮೊದಲು ಅಷ್ಟಿಷ್ಟು ಕೇಳುತ್ತಿದ್ದದ್ದೂ ಹೋಯಿತು. ತಲೆಗೆ ನೀರು ಹಾಕುವಂತಿಲ್ಲ, ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಹಾಗಿರುವಾಗ ಒಂದು ದಿನ ಪಕ್ಕದ ಮನೆಯವರು ಮೆಣಸಿನಕಾಯಿ ಹುರಿದರು. ಘಾಟು ನೆತ್ತಿಗೇರಿ, ಬಾಯಿ ತೆರೆಯುವಷ್ಟರಲ್ಲಿ ಸೀನು ಬಂದುಬಿಟ್ಟಿತು. ಕಿವಿಯೊಳಗೆ 'ಟಪ್' ಎಂದಿತು. ಹತ್ತಿಯ ತುದಿಯಲ್ಲಿ ತಿಳಿಗೆಂಪು ನೀರು.

ತೇಪೆ ಹರಿಯಿತು ಎಂದುಕೊಂಡಳು. ಗಂಡನಿಗೂ ಹೇಳದೆ ಬಸ್ಸು ಹತ್ತಿ, ತಲೆ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಶಿವಾಜಿನಗರಕ್ಕೆ ಹೋದಳು.

"ನಾನೇ ಕೆಡಿಸಿಕೊಂಡ್ನಿ ರೀ, ಡಾಕ್ಟರಮ್ಮ."

ನಾಜಿಶ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. "ಮದ್ದು ಸ್ವಲ್ಪ ಸರಿದಿದೆ. ಪೊರೆ ಜಾಗದಲ್ಲೇ ಇರೋ ಹಾಗಿದೆ. ಹಿಡ್ಕೊಂಡಿದೆಯಾ ಇಲ್ವಾ ಅಂತ ಗೊತ್ತಾಗಕ್ಕೆ ಕಾಯ್ಬೇಕು."

ಕಾಯುವುದು ಆಪರೇಷನ್ನಿಗಿಂತ ಕಷ್ಟವಾಯಿತು. ಮಗ್ಗುಲು ಬದಲಿಸಲೂ ಅಂಜಿ, ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡಿದಳು. ಅಂಬಣ್ಣ ಕೇಳಿದಾಗಲೆಲ್ಲ, "ಆರಾಮದೀನಿ" ಎಂದಳು.

ಮೂರು ತಿಂಗಳಾದ ಮೇಲೆ ಶ್ರವಣ ಪರೀಕ್ಷೆ. ಸದ್ದೇ ನುಗ್ಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ಕೇಳಿದ್ದು ಶಬ್ದವೋ ತನ್ನದೇ ಎದೆಬಡಿತವೋ ತಿಳಿಯದೆ ಅವಳು ಅಂದಾಜಿನ ಮೇಲೆ ಗುಂಡಿ ಒತ್ತಿದಳು.

ತೂತು ಮುಚ್ಚಿತ್ತು. ಕಿವಿ ಒಣಗಿತ್ತು. ಕೇಳುವುದೂ ಮೊದಲಿಗಿಂತ ಎಷ್ಟೋ ಮೇಲು. ಆದರೆ ಪೂರ್ತಿ ಅಲ್ಲ. "ಇಷ್ಟು ವರ್ಷ ಸೋರಿ ಒಳಗಿನ ಒಂದು ಸಣ್ಣ ಮೂಳೆ ಸವೆದಿದೆ. ಇನ್ನೊಂದು ಆಪರೇಷನ್ ಮಾಡಿ ನೋಡಬಹುದು. ಗ್ಯಾರಂಟಿ ಇಲ್ಲ" ಎಂದರು ನಾಜಿಶ್.

"ಈಗ ಬ್ಯಾಡ್ರಿ. ಇಷ್ಟು ಅಂಜಿಕಿ ಮತ್ತ ತಡಕೊಳ್ಳಾಕ ಆಗಂಗಿಲ್ಲ."

ಹೊರಗೆ ಅಂಬಣ್ಣ ಕಾಯುತ್ತಿದ್ದ. ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು. ಎಡಗಡೆಯಿಂದ ಕಂಡಕ್ಟರನೊಬ್ಬ, "ಟಿನ್ ಫ್ಯಾಕ್ಟರಿ, ಕೆ.ಆರ್. ಪುರಂ!" ಎಂದು ಕೂಗಿದ. ಜಟ್ಟೆಮ್ಮ ಬೆಚ್ಚಿಬಿದ್ದು ಗಂಡನ ತೋಳು ಹಿಡಿದಳು.

"ಏನಾತ?"

"ಏನಿಲ್ಲ. ಆ ಕಡಿಂದ ಯಾರೋ ಕೂಗಿದ್ರು."

ಮರುದಿನದಿಂದ ಕೆಲಸಕ್ಕೆ ಹೋದಳು. ಪ್ರಿಯದರ್ಶಿನಿಗೆ, ಇಷ್ಟು ಕೇಳುತ್ತದೆ, ಇಷ್ಟು ಕೇಳುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಅವಳ ಜೊತೆಗೆ ಇನ್ನೊಬ್ಬ ಆಯಾಳನ್ನು ಹಾಕಿದರು. ಆದರೂ ಜಟ್ಟೆಮ್ಮ ಗಳಿಗೆಗೊಮ್ಮೆ ಎದ್ದು, ಮಲಗಿದ ಕೂಸುಗಳ ಎಣಿಕೆ ಸರಿ ಇದೆಯೇ ಎಂದು ನೋಡಿ ಬರುತ್ತಾಳೆ.