ಕಾಗೆಬಂಗಾರ ಬಂದ ಮಂಕರಿ

ಇವತ್ತು ದಂಡಿಗನಹಳ್ಳಿಯ ನಮ್ಮ ತೋಟದಲ್ಲಿ ಜೆಸಿಬಿ ಬಾವಿ ತೋಡುತ್ತಿತ್ತು. ಮೇಲೆ ಬಂದ ಮಣ್ಣು ಬಿಸಿಲಿಗೆ ಮಿರಮಿರ ಮಿಂಚಿತು. ಆ ಹಸಿಮಣ್ಣಿನ ವಾಸನೆಗೆ ನಾನು ಮತ್ತೆ ಲಂಗ ತೊಟ್ಟ ಹುಡುಗಿಯಾಗಿಬಿಟ್ಟೆ.

ಕಪ್ಪಗಿದ್ದ ನನ್ನನ್ನು ತಾತ ಕರೆಯುತ್ತಿದ್ದದ್ದೇ 'ಕಾಗೆಬಂಗಾರ' ಅಂತ. ಕಲ್ಲಿನ ಸಂದಿಯಲ್ಲಿ ಪದರಪದರವಾಗಿ ಹೊಳೆಯುವ ಅಭ್ರಕಕ್ಕೆ ಬಾವಿ ತೋಡುವವರು ಇಟ್ಟ ಹೆಸರದು. "ಅದು ಬರೀ ಹೊಳಪು, ಮೂರ್ಕಾಸಿಗೂ ಬೆಲೆಯಿಲ್ಲ ಕಣೇ" ಅಂತ ಅತ್ತೆ ನಕ್ಕ ದಿನ ನಾನು ಊಟ ಬಿಟ್ಟು ಅಳುತ್ತಾ ಕೂತೆ.

ತಾತ ನನ್ನನ್ನು ಎತ್ತಿಕೊಂಡು ಹೋಗಿ, ಹೊಲದಲ್ಲಿ ತೋಡಿಸುತ್ತಿದ್ದ ಬಾವಿಯ ದಡದಲ್ಲಿ ಕೂರಿಸಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮೇಲೆ ಬಂದ ಮಂಕರಿಯ ತುಂಬ ಮಣ್ಣು ಹೊಳೆಯುತ್ತಿತ್ತು. ಹಾರೆ ಹಿಡಿದವರೆಲ್ಲ ಕೆಲಸ ನಿಲ್ಲಿಸಿ, "ಕಾಗೆಬಂಗಾರ ಬಂತು ಕಣಣ್ಣೋ!" ಅಂತ ಕೂಗಿದರು. ಅಜ್ಜಿ ಓಡಿಬಂದು ಮಂಕರಿಗೆ ಕುಂಕುಮವಿಟ್ಟು, ಎಲ್ಲರಿಗೂ ಕೊಬ್ಬರಿ ಬೆಲ್ಲ ಹಂಚಿದಳು.

ತಾತ ಆ ಮಣ್ಣನ್ನು ನನ್ನ ಕೆನ್ನೆಗೆ ಸವರಿ, "ಇದು ಕಂಡ ಮ್ಯಾಲೆ ನೀರು ದೂರ ಇಲ್ಲ ಕಣವ್ವ" ಅಂದ.

ಜೆಸಿಬಿ ಸದ್ದು ನಿಂತಿತು. ನನ್ನಂತೆಯೇ ಕಪ್ಪಗಿರುವ ಮೊಮ್ಮಗಳು ಹೊಳೆಯುವ ಅಂಗೈ ಚಾಚಿ, "ಅಜ್ಜಿ, ಇದು ಬಂಗಾರನಾ?" ಅಂದಳು.

"ಅಲ್ಲ ಕಣವ್ವ, ನೀರು."