ಅಂಗಳದ ಹೊಳಪು

ಬಸವೇಶ್ವರನಗರದ ನಮ್ಮ ಮನೆಯಂಗಳಕ್ಕೆ ಸ್ಟ್ಯಾಂಪ್ಡ್ ಕಾಂಕ್ರೀಟೇ ಆಗಬೇಕೆಂದು ನನ್ನ ಗಂಡ ಹಟ ಹಿಡಿದರು. ಹಸಿ ಕಾಂಕ್ರೀಟಿನ ಮೇಲೆ ಅಚ್ಚೊತ್ತಿದರೆ ಕಲ್ಲು ಹಾಸಿದಂತೆಯೇ ಕಾಣುತ್ತದೆ. ಮೇಲೆ ಬಳಿಯುವ ಸೀಲರ್ ಮಾತ್ರ ಹೊಳಪಿನದು ಬೇಡ, ದಿನಾ ನೀರು ಹಾಕಿ ರಂಗೋಲಿ ಬಿಡುವವಳು ನಾನು, ಜಾರುತ್ತದೆ ಎಂದೆ.

“ಅದೆಲ್ಲ ನಿಂಗೆ ಗೊತ್ತಾಗಲ್ಲ, ಸುಮ್ನಿರು. ಹೊಳೀದಿದ್ರೆ ಏನ್ ಚೆಂದ?” ಎಂದರು.

ಆ ಮಳೆಗಾಲದಲ್ಲೇ ನಾನು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಅವರು ಕೇಳಿದ್ದು ಇಷ್ಟೇ: “ನೋಡ್ಕೊಂಡು ನಡೀಬಾರ್ದಾ?” ಕಾಲು ಜಾರದ ಹಾಗೆ ಸೀಲರಿಗೆ ಸಣ್ಣ ಮರಳು ಬೆರೆಸಿ ಮತ್ತೆ ಬಳಿಸಿ ಎಂದು ಎಷ್ಟೋ ಸಲ ಬೇಡಿಕೊಂಡೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಗೋಡೆ ಹಿಡಿದು ಓಡಾಡುವುದನ್ನು ರೂಢಿ ಮಾಡಿಕೊಂಡೆ.

ಮರುವರ್ಷ ಗೌರಿ ಹಬ್ಬಕ್ಕೆ ಅವರ ಅಕ್ಕ ಬರುವವರಿದ್ದರು. ವಾರ ಮೊದಲೇ ಕೆಲಸದವರು ಬಂದು ಹಳೆಯ ಸೀಲರ್ ಕೆರೆದು, ಮರಳು ಬೆರೆಸಿದ್ದನ್ನು ಬಳಿದುಹೋದರು.

“ಅಕ್ಕಂಗೆ ವಯಸ್ಸಾಗಿದೆ ಕಣೇ, ಜಾರಿ ಬಿದ್ರೆ ಏನ್ ಗತಿ?” ಎಂದು ನನ್ನನ್ನೇ ಕೇಳಿದರು.

ಹಬ್ಬದ ದಿನ ತಮ್ಮನ ಕಾಳಜಿಯನ್ನು ಅಕ್ಕ ಬಾಯಿತುಂಬ ಹೊಗಳಿದರು. ಬಲಗೈಯಲ್ಲಿ ಸೌಟಿನ ಭಾರ ತಡೆಯದೆ ನಾನು ಎಡಗೈಯಲ್ಲಿ ಪಾಯಸ ಬಡಿಸಿದ್ದನ್ನು ಮಾತ್ರ ಎಲ್ಲರೂ ಮುಖ ಸಿಂಡರಿಸಿಕೊಂಡು ನೋಡಿದರು.